ಗೋಡೆ ನೋಡಿ ಹೇಳಿದ ಮಾತು

ನಮ್ಮ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವ ಗಾದಿಯ ಎದುರಿನ ಗೋಡೆಗೆ ಒಂದು ಬಿರುಕಿದೆ. ಮೇಲೆ ಜಂತಿಯ ಹತ್ತಿರ ಶುರುವಾಗಿ, ಕ್ಯಾಲೆಂಡರಿನ ಹಿಂದೆ ಹಾದು, ಎರಡು ಕವಲಾಗಿ ಸ್ವಿಚ್ ಬೋರ್ಡಿನ ತನಕ ಇಳಿದಿದೆ. ಅದರ ಒಂದೊಂದು ತಿರುವೂ ನನಗೆ ಬಾಯಿಪಾಠ. ಸೊಲ್ಲಾಪುರದಲ್ಲಿ ಮೂವತ್ತೆಂಟು ವರ್ಷ ಚಾದರದ ವ್ಯಾಪಾರ ಮಾಡಿ ಏನು ಕಲಿತೆ ಎಂದು ಯಾರಾದರೂ ಕೇಳಿದರೆ, ಆ ಬಿರುಕನ್ನು ಕಣ್ಣು ಮುಚ್ಚಿ ಬರೆದು ತೋರಿಸಬಲ್ಲೆ. ಅದನ್ನು ಬಿಟ್ಟು ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ.

ಆ ಗೋಡೆಗೆ ನನ್ನನ್ನು ಅಂಟಿಸಿದವರು ನಮ್ಮ ಅಪ್ಪ. ನಾನು ಹತ್ತನೇ ಇಯತ್ತೆ ಮುಗಿಸಿ ಗಾದಿಯ ಮೇಲೆ ಕೂತ ಮೊದಲ ವಾರ, ನೇಕಾರರೊಬ್ಬರು ಬಂದು ಹೊಸ ಮಾಲು ಬಿಚ್ಚಿದರು. ಕೆಂಪು ನೆಲದ ಮೇಲೆ ಹಸಿರು ನವಿಲಿನ ಚಾದರ. ನಾನು ಬಾಯಿ ತೆರೆದು, ಎಷ್ಟು ಛಂದ ಅದ ಅಂದುಬಿಟ್ಟೆ. ಅಪ್ಪ ನನ್ನ ತೊಡೆ ಚಿವುಟಿದರು. ನೇಕಾರರು ಹೋದ ಮೇಲೆ ಉಪದೇಶವಾಯಿತು. ಮಾಲು ಮನಸ್ಸಿಗೆ ಬಂದರೆ ಮೊದಲು ಕಣ್ಣನ್ನು ಎತ್ತಿ ಗೋಡೆಯ ಮೇಲೆ ಇಡಬೇಕು. ಆಮೇಲೆ 'ಠೀಕ ಅದ' ಅನ್ನಬೇಕು. ಆಮೇಲೆ 'ಇನ್ನೊಂದ ನಾಕ ತೋರಸ್ರಿ' ಅನ್ನಬೇಕು. ಹೊಗಳಿಕೆ ಬಾಯಿಂದ ಬಿದ್ದರೆ ದರ ಏರಿತು ಎಂದೇ ತಿಳಿ. ಅಪ್ಪನ ವ್ಯಾಪಾರಶಾಸ್ತ್ರ ಇಷ್ಟೇ. ನಾನು ಜಾಣ ವಿದ್ಯಾರ್ಥಿ, ಒಂದೇ ವಾರದಲ್ಲಿ ಕಲಿತೆ. ಮರೆಯಲು ಮಾತ್ರ ಐವತ್ತು ದಾಟಬೇಕಾಯಿತು.

ಈ ವಿದ್ಯೆ ಅಂಗಡಿಯಲ್ಲೇ ಉಳಿದಿದ್ದರೆ ಚಿಂತೆ ಇರಲಿಲ್ಲ. ಮಂದ್ರೂಪಕ್ಕೆ ಹೆಣ್ಣು ನೋಡಲು ಹೋದಾಗ ಹುಡುಗಿ ಅವಲಕ್ಕಿಯ ತಟ್ಟೆ ಹಿಡಿದು ಬಂದಳು. ಒಂದೇ ಸಲ ನೋಡಿದೆ. ಮನಸ್ಸು ಅಲ್ಲೇ ಕೂತುಬಿಟ್ಟಿತು, ಕಣ್ಣು ಮಾತ್ರ ಎದ್ದು ಗೋಡೆಗೆ ಹೋಯಿತು. ಅವರ ಮನೆಯ ಗೋಡೆಗೆ ಆಗತಾನೆ ಸುಣ್ಣ ಬಳಿದಿದ್ದರು, ನೋಡಲು ಏನೂ ಇರಲಿಲ್ಲ. ಆದರೂ ಹೊರಡುವ ತನಕ ನೋಡಿದೆ. ಹೇಗಿದ್ದಾಳೆ ಹುಡುಗಿ ಎಂದು ಯಾರೋ ಹಿರಿಯರು ಕೇಳಿದರೆ 'ಠೀಕ ಅದಾಳ' ಅಂದೆ. ಪುಣ್ಯಕ್ಕೆ 'ಇನ್ನೊಂದ ನಾಕ ತೋರಸ್ರಿ' ಅನ್ನಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಅಪ್ಪ ಮಾತ್ರ ಖುಷಿಯಾಗಿದ್ದರು. ಹುಡುಗ ಗೋಡೆ ನೋಡಿದ, ಅಂದರೆ ಮೆಚ್ಚಿದ್ದಾನೆ ಎಂದು ಎಲ್ಲರಿಗೂ ಸಾರಿದರು. ಎರಡು ದಿನ ಬಿಟ್ಟು ಒಪ್ಪಿಗೆ ಹೇಳಿ ಕಳಿಸಿದರು. ಇದನ್ನು ನಾನು ವರ್ಷಾನುಗಟ್ಟಲೆ ತಮಾಷೆಯ ಕಥೆಯಾಗಿ ನಾಲ್ಕು ಜನರ ಮುಂದೆ ಹೇಳಿಕೊಂಡು ಬಂದಿದ್ದೇನೆ. ಹೆಂಡತಿ ಅದಕ್ಕೆ ಒಮ್ಮೆಯೂ ನಕ್ಕಿದ್ದಿಲ್ಲ. ಯಾಕೆ ಎಂದು ನಾನು ಕೇಳಿದ್ದೂ ಇಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಅಪ್ಪನ ಕಾಲದ ಆ ನವಿಲೇ ನಮ್ಮ ಅಂಗಡಿಯನ್ನು ಇಷ್ಟು ವರ್ಷ ಸಾಕಿತು. ಆದರೆ ಈಚೆಗೆ ಗಿರಾಕಿಗಳು ಅದನ್ನು ಸವರಿ ನೋಡಿ ಮಡಿಸಿ ಇಡತೊಡಗಿದರು. ಪುಣೆಯಿಂದ ಬಂದ ಒಬ್ಬ ಹೆಣ್ಣುಮಗಳು, ಇದೇ ಚಾದರವನ್ನು ತಮ್ಮ ಅಜ್ಜಿ ಹೊದೆಯುತ್ತಿದ್ದರು ಎಂದು ಕಣ್ಣಲ್ಲಿ ನೀರು ತಂದುಕೊಂಡು, ಒಂದೂ ಕೊಳ್ಳದೆ ಹೋದರು. ಹೊಸ ಡಿಸೈನು ಬೇಕು ಎನ್ನುವುದು ನನ್ನಂಥವನಿಗೂ ತಿಳಿಯಿತು. ನಾನು ಮಾಲನ್ನು ಊರಾಚೆಯ ಕೈಗಾರಿಕಾ ವಸಾಹತು ಚಿಂಚೋಳಿ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ನೇಯಿಸುತ್ತೇನೆ. ಮಗ್ಗ ಅವರದು, ನೂಲು ನನ್ನದು. ಚಿತ್ರ ಮಾತ್ರ ಯಾರದಾದರೂ ಆಗಬೇಕು. ಅದಕ್ಕೆ ಸಂಬಳದ ಆಳು ಸಿಗುವುದಿಲ್ಲ. ಸ್ವಂತಕ್ಕೆ ದುಡಿಯುವ ಚಿತ್ರಗಾರರನ್ನು ಹುಡುಕಿ, ಕೆಲಸ ಹೇಳಿ, ಮಾಡಿಸಿಕೊಳ್ಳಬೇಕು.

ನಾನು ಹುಡುಕಿದೆ, ಹೇಳಿದೆ, ಓಡಿಸಿದೆ. ಮೊದಲನೆಯವರು ಗ್ರಾಫ್ ಕಾಗದದ ಮೇಲೆ ಒಂದೊಂದು ಚೌಕವನ್ನೂ ಕೈಯಲ್ಲಿ ತುಂಬುವ ಹಿರಿಯರು. ನಾನು ಅವರ ಹಿಂದೆ ಸ್ಟೂಲು ಹಾಕಿಕೊಂಡು ಕೂತು, ಈ ಎಲೆ ಸ್ವಲ್ಪ ಆಚೆ, ಆ ಹೂವು ಸ್ವಲ್ಪ ಈಚೆ ಎಂದು ದಾರಿ ತೋರಿಸುತ್ತಿದ್ದೆ. ಮೂರನೆಯ ದಿನ ಅವರು ಪೆನ್ಸಿಲನ್ನು ನನ್ನ ಕೈಗಿಟ್ಟು, ನೀವೇ ಚಿತ್ರ ತೆಗೆಯುತ್ತಿರಿ, ನಾನು ಚಹಾ ಕುಡಿದು ಬರುತ್ತೇನೆ ಎಂದು ಹೋದರು. ಇನ್ನೂ ಬಂದಿಲ್ಲ. ಎರಡನೆಯವನಿಗೆ ದಿನಕ್ಕೆ ಹತ್ತು ಸಲ ಫೋನು ಹಚ್ಚಿ, ಎಲ್ಲಿಗೆ ಬಂತು ಎಂದು ಕೇಳುತ್ತಿದ್ದೆ. ಅವನು ನಂಬರನ್ನೇ ಬದಲಿಸಿದ. ಮೂರನೆಯವನಿಗೆ ನನ್ನ ಅಭಿಪ್ರಾಯದ ಜೊತೆ ನಮ್ಮ ಗುಮಾಸ್ತನದು, ಕ್ಷೌರದಂಗಡಿಯವನದು, ನನ್ನ ಇಬ್ಬರು ಷಡ್ಡಕರದು, ಹೀಗೆ ಏಳು ಜನರ ಸಲಹೆ ಮುಟ್ಟಿಸಿದೆ. ಅವನು ಸೇಡಿಗೋ ವಿನಯಕ್ಕೋ ಏಳನ್ನೂ ಒಂದೇ ಚಾದರದಲ್ಲಿ ತುಂಬಿ ಕೊಟ್ಟ. ನವಿಲು, ಹುಲಿ, ಗುಲಾಬಿ, ಗೋಪುರ, ಇನ್ನೂ ಏನೇನೋ. ಆ ಚಾದರಗಳು ಈಗ ಗೋದಾಮಿನಲ್ಲಿ ಗಂಟುಗಳಿಗೆ ಧೂಳು ಹತ್ತದಂತೆ ಕಾಯುತ್ತಿವೆ. ಅಷ್ಟಾದರೂ ಚಹಾದಂಗಡಿಯಲ್ಲಿ ನಾನು ಹೇಳುತ್ತಿದ್ದುದು ಒಂದೇ ಮಾತು: ಈ ಕಲಾವಿದರ ಸಹವಾಸ ಕಷ್ಟ, ಮೂಗಿನ ತುದಿಯಲ್ಲಿ ಸಿಟ್ಟು.

ಕೊನೆಗೆ ಕಾರ್ಖಾನೆಯ ಮಾಲೀಕರು ಒಂದು ನಂಬರು ಕೊಟ್ಟರು. ಅಕ್ಕಲಕೋಟದ ಹೆಣ್ಣುಮಗಳು, ವಯಸ್ಸು ಮೂವತ್ತರ ಆಸುಪಾಸು, ಹೊರಗೆ ಹೋಗಿ ಬಟ್ಟೆಯ ವಿನ್ಯಾಸ ಕಲಿತು ಬಂದು ಮನೆಯಲ್ಲೇ ಕಂಪ್ಯೂಟರು ಇಟ್ಟುಕೊಂಡಿದ್ದಾಳೆ, ಯಾರ ಕೈಕೆಳಗೂ ಇಲ್ಲ ಎಂದರು. ಜೊತೆಗೆ, ಇವಳೂ ಬಿಟ್ಟು ಹೋದರೆ ಇನ್ನು ನಿಮ್ಮ ಕೆಲಸಕ್ಕೆ ನಾನು ಯಾರ ಹೆಸರೂ ಹೇಳುವುದಿಲ್ಲ ಎಂದೂ ಸೇರಿಸಿದರು. ಅಂದರೆ ಈಕೆ ಹೋದರೆ ನನಗೆ ಅಜ್ಜಿಯ ಕಾಲದ ನವಿಲೇ ಗತಿ.

ಆಕೆ ಬಸ್ಸಿನಲ್ಲಿ ಬಂದಳು. ಮರಾಠಿಯಲ್ಲಿ ಮಾತು ಶುರುವಾಯಿತು. ನಡುವೆ ಫೋನು ಬಂದು ನಾನು ಲಾರಿಯವನಿಗೆ ಕನ್ನಡದಲ್ಲಿ ಬೈದದ್ದು ಕೇಳಿ ನಕ್ಕು, ತಾನೂ ಕನ್ನಡಕ್ಕೆ ಇಳಿದಳು. ಕಾಕಾ ಎಂದು ಕರೆದಳು. ನಾನು ತಂಗಿ ಅಂದೆ. ಮಾತು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ ಎಂದಳು. ಆ ಧೈರ್ಯದ ಮೇಲೆಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಆಕೆ ಕೇಳಿದ ಪ್ರಶ್ನೆಗಳು ವಿಚಿತ್ರವಾಗಿದ್ದವು. ಈ ಚಾದರವನ್ನು ಹೊದೆಯುವವರು ಯಾರು? ಹೊದೆಯುತ್ತಾರೋ ಹಾಸುತ್ತಾರೋ? ಹಗಲು ಅದು ಮನೆಯಲ್ಲಿ ಎಲ್ಲಿ ಇರುತ್ತದೆ? ಅಷ್ಟು ವರ್ಷ ಚಾದರ ಮಾರಿದ ನಾನು, ಅದು ಗಂಟಿನಲ್ಲಿ ಇರುತ್ತದೆ ಎಂದು ಮಾತ್ರ ಹೇಳಬಲ್ಲವನಾಗಿದ್ದೆ. ಆಮೇಲೆ ಆಕೆ ಚಿಂಚೋಳಿಗೆ ಹೋಗಿ ಒಂದು ದಿನವಿಡೀ ಮಗ್ಗದ ಪಕ್ಕದಲ್ಲಿ ನಿಂತಳು. ಎಷ್ಟು ಬಣ್ಣ ಹಿಡಿಯುತ್ತದೆ, ಯಾವ ಗೆರೆ ನೇಯ್ಗೆಯಲ್ಲಿ ಒಡೆದು ಕಾಣುತ್ತದೆ ಎಂದು ಮಗ್ಗದವನನ್ನು ಕೇಳಿ ಬರೆದುಕೊಂಡಳಂತೆ. ನನಗೆ ಅದು ಕಾಲಹರಣ ಅನಿಸಿತು. ಆದರೂ ಈ ಸಲ ಸ್ಟೂಲು ಹಾಕಲಿಲ್ಲ, ಫೋನು ಹಚ್ಚಲಿಲ್ಲ, ಷಡ್ಡಕರಿಗೆ ಸುದ್ದಿಯನ್ನೇ ಕೊಡಲಿಲ್ಲ. ನಾನು ಸುಧಾರಿಸಿದೆ ಎಂದು ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ.

ಮೂರು ವಾರ ಬಿಟ್ಟು ಆಕೆ ಕಾಗದದ ಸುರುಳಿ ತಂದು ಗಾದಿಯ ಮೇಲೆ ಬಿಚ್ಚಿದಳು. ಹಾಲುಬಣ್ಣದ ನೆಲ. ನಾಲ್ಕೂ ಅಂಚಿಗೆ ಕಾಳು ತುಂಬಿ ಬಾಗಿದ ಜೋಳದ ತೆನೆಗಳು. ನಡುವೆ ಪೂರ್ತಿ ಖಾಲಿ, ಅಲ್ಲಲ್ಲಿ ಒಂದೊಂದು ಗುಬ್ಬಿ. ಎಲ್ಲ ಗುಬ್ಬಿಗಳೂ ತೆನೆಯ ಕಡೆ ಮುಖ ಮಾಡಿದ್ದರೆ, ಒಂದೇ ಒಂದು ಗುಬ್ಬಿ ಬೆನ್ನು ತಿರುಗಿಸಿ ಕೂತಿತ್ತು, ಹೊಟ್ಟೆ ತುಂಬಿದವರ ಹಾಗೆ.

ನನ್ನ ಎದೆ ತುಂಬಿ ಬಂತು. ಮಂದ್ರೂಪದಲ್ಲಿ ಅತ್ತೆಯ ಮನೆಯ ಹಿಂದಿನ ಹೊಲ, ಮದುವೆಯಾದ ವರ್ಷ ಅಲ್ಲಿ ಎಳೆ ತೆನೆ ಸುಟ್ಟು ಸೀತನಿ ತಿಂದ ಚಳಿಗಾಲದ ಬೆಳಗು, ಎಲ್ಲ ಒಟ್ಟಿಗೆ ನೆನಪಾಯಿತು. ಆ ಕಾಗದವನ್ನು ಎತ್ತಿಕೊಂಡು ಮನೆಗೆ ಓಡಿ ಹೆಂಡತಿಗೆ ತೋರಿಸಬೇಕು ಅನಿಸಿತು. ಜೀವನದಲ್ಲಿ ಒಂದು ಚಾದರ ನೋಡಿ ನನಗೆ ಅಳು ಬಂದದ್ದು ಅದೇ ಮೊದಲು. ಅಷ್ಟರಲ್ಲಿ ಕಣ್ಣು ತಾನಾಗಿ ಎದ್ದು ಗೋಡೆಗೆ ಹೋಯಿತು. ಬಿರುಕು ಇದ್ದಲ್ಲೇ ಇತ್ತು. ಅದನ್ನು ಮೇಲಿಂದ ಕೆಳಗಿನ ತನಕ ನಿಧಾನವಾಗಿ ನೋಡಿದೆ.

"ಠೀಕ ಅದ ತಂಗಿ," ಅಂದೆ. "ಇನ್ನೊಂದ ನಾಕ ತೋರಸು."

ಆಕೆ ಕಾಗದದಿಂದ ತಲೆ ಎತ್ತಿದಳು. ನಾನು ನೋಡುತ್ತಿದ್ದ ಕಡೆಗೆ ತಾನೂ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಆಗಲಿ ಎಂದು ಕಾಗದ ಸುತ್ತಿಕೊಂಡು ಹೋದಳು. ನಾನು ಮನೆಗೆ ಹೋಗಿ ಖುಷಿಯಲ್ಲಿ ಎರಡು ರೊಟ್ಟಿ ಹೆಚ್ಚು ತಿಂದೆ. ನಮಗೆ ಬೇಕಾದ ಡಿಸೈನು ಸಿಕ್ಕಿತು ಎಂದು ಹೆಂಡತಿಗೆ ಹೇಳಿದೆ. ಅದನ್ನು ಆ ಹುಡುಗಿಗೆ ಹೇಳಿದಿರಾ ಎಂದು ಆಕೆ ಕೇಳಿದಳು. ನಿನಗೆ ವ್ಯಾಪಾರ ತಿಳಿಯುವುದಿಲ್ಲ ಎಂದೆ.

ಮುಂದಿನ ಚಿತ್ರಗಳು ಒಂದೊಂದಾಗಿ ಮೊಬೈಲಿಗೆ ಬಂದವು. ಎರಡನೆಯದರಲ್ಲಿ ತೆನೆಗಳು ಸಣ್ಣವಾಗಿ ಗುಬ್ಬಿಗಳು ಹೆಚ್ಚಾಗಿದ್ದವು. ಮೂರನೆಯದರಲ್ಲಿ ಗುಬ್ಬಿಗಳು ಹಾರಿಹೋಗಿ ಹೂವು ಬಂದಿದ್ದವು. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ನೋಡಿದ್ದೇನೆ ಎಂದು ಆಕೆಯ ಮೊಬೈಲಿಗೆ ಗುರುತು ಹೋಗುತ್ತದಲ್ಲ, ಸಾಕು. ಮೊಬೈಲಿನಲ್ಲಿ ಗೋಡೆ ನೋಡುವುದೆಂದರೆ ಹೀಗೆ ಎಂಬುದು ನನ್ನ ಹೊಸ ಶೋಧ. ನಾಲ್ಕನೆಯದು ಬಂದಾಗ ನೋಡಿದರೆ ಕೆಂಪು ನೆಲ, ಹಸಿರು ನವಿಲು. ಅಪ್ಪನ ಕಾಲದ್ದೇ. ಕೆಳಗೆ ಮರಾಠಿಯಲ್ಲಿ, ಬಹುಶಃ ನಿಮಗೆ ಬೇಕಾದದ್ದು ಇದೇ ಇರಬೇಕು ಎಂದು ಬರೆದಿತ್ತು. ಅದರಲ್ಲಿ ನಾನು ಕಾಕಾ ಹೋಗಿ ಸಾವಕಾರ ಆಗಿದ್ದೆ. ಅದನ್ನು ಗಮನಿಸಿದೆ ಕೂಡ. ಹುಡುಗಿಗೆ ನನ್ನ ಮೇಲೆ ಮರ್ಯಾದೆ ಹೆಚ್ಚಿತು ಎಂದುಕೊಂಡೆ.

ಮೊದಲನೆಯದೂ ಸೇರಿ ನಾಲ್ಕಾದವು, ಶಾಸ್ತ್ರ ಮುಗಿಯಿತು. ಫೋನು ಹಚ್ಚಿ, ಆ ಮೊದಲನೆಯದನ್ನೇ ಪಕ್ಕಾ ಮಾಡೋಣ ಎಂದೆ, ದೊಡ್ಡ ಉಪಕಾರ ಮಾಡುವವನ ದನಿಯಲ್ಲಿ.

"ಅದು ನಿಮಗ ಸೇರಿಲ್ಲಂತ ತಿಳದೆರಿ, ಸಾವಕಾರ್ರ. ಬ್ಯಾರೆದವರಿಗೆ ಕೊಟ್ಟೀನಿ," ಎಂದಳು.

ಯಾರಿಗೆ ಎಂದರೆ ನಮ್ಮ ಹಿಂದಿನ ಗಲ್ಲಿಯ ವ್ಯಾಪಾರಿಗೆ. ಅವನು ಏನಂದ ಎಂದು ಕೇಳಿದೆ. ಬಹಳ ಹೊತ್ತು ನೋಡಿ, ಆ ಬೆನ್ನು ತಿರುಗಿಸಿದ ಗುಬ್ಬಿಯನ್ನು ಯಾರು ಹೇಳಿದರೂ ತೆಗೆದುಹಾಕಬೇಡ ಎಂದನಂತೆ. ಅಷ್ಟೇ. ನಾನು ಆ ಚಿತ್ರವನ್ನು ಒಪ್ಪಿಕೊಂಡೇ ಇರಲಿಲ್ಲ, ಆದ್ದರಿಂದ ಅದು ಆಕೆಯದೇ, ಯಾರಿಗೆ ಬೇಕಾದರೂ ಕೊಡಬಹುದು. ಇದೆಲ್ಲ ಗೊತ್ತಿದ್ದೂ ನಾನು ಸಿಟ್ಟಾದೆ. ನಿನಗೆ ಧಂಧೆಯ ರೀತಿ ಗೊತ್ತಿಲ್ಲ, ತಾಳ್ಮೆ ಇಲ್ಲ ಎಂದು ಹೇಳಿ ಫೋನು ಇಟ್ಟೆ. ತಾಳ್ಮೆಯ ಪಾಠ ಹೇಳುವಾಗ ನನ್ನ ದನಿ ಪಾಳಿ ಬಿಡುವಾಗ ಕೂಗುವ ಕಾರ್ಖಾನೆಯ ಭೋಂಗಾದಷ್ಟು ಎತ್ತರದಲ್ಲಿತ್ತು ಎಂದು ಗುಮಾಸ್ತ ಆಮೇಲೆ ಹೇಳಿದ.

ಮನೆಗೆ ಹೋಗಿ ಹೆಂಡತಿಯ ಮುಂದೆ ಗೋಳು ತೋಡಿಕೊಂಡೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮೂವತ್ತ ವರ್ಷ ನಿಮ್ಮ ಠೀಕ ಅದ ಕೇಳಕೋತ ಬಂದೀನಿ," ಎಂದಳು. "ನೀವು ಎಷ್ಟ ರೊಟ್ಟಿ ತಿಂದ್ರಿ ಅಂತ ಎಣಿಸಿ, ಪಲ್ಯಾ ಹೆಂಗ ಆಗಿತ್ತು ಅಂತ ತಿಳಕೋತೀನಿ. ಆ ಹುಡುಗಿ ಏನ ಎಣಿಸಬೇಕು?"

ನಾನು ರೂಢಿಯಂತೆ ಅಡುಗೆಮನೆಯ ಗೋಡೆ ನೋಡಿದೆ. ಆಕೆ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ ಇನ್ನೊಂದು ಮಾತು ಹೇಳಿದಳು. "ನೀವು ನಮ್ಮ ಮನ್ಯಾಗ ಗ್ವಾಡಿ ನೋಡಿ ಹೋದ್ರಿ. ಎರಡ ದಿನ ನಮ್ಮಪ್ಪ ಉಂಡಿದ್ದಿಲ್ಲ. ನಾನೂ ಉಂಡಿದ್ದಿಲ್ಲ."

ಮೂವತ್ತು ವರ್ಷ ನಾನು ತಮಾಷೆ ಎಂದು ಹೇಳಿಕೊಂಡು ಬಂದ ಕಥೆ ಅದು. ಆ ದಿನ ನನಗೆ ಒಂದು ರೊಟ್ಟಿಯೂ ಇಳಿಯಲಿಲ್ಲ. ಆಕೆ ಎಣಿಸಿರಬೇಕು.

ಇಷ್ಟಾದ ಮೇಲೆ ಮರುದಿನವೇ ಅಕ್ಕಲಕೋಟಕ್ಕೆ ಹೋಗಿ ತಪ್ಪಾಯಿತು ಎಂದೆ ಎಂದು ಬರೆಯಲು ಆಸೆ. ನಾನು ಅಂಥವನಲ್ಲ. ಎರಡು ತಿಂಗಳು ಬಿಗುಮಾನ ಮಾಡಿಕೊಂಡು ಕೂತೆ. ಚಳಿ ಶುರುವಾಯಿತು. ಒಂದು ದಿನ ಮಂಚದ ಮೇಲೆ ನೋಡಿದರೆ ಹಾಲುಬಣ್ಣದ ನೆಲ, ಜೋಳದ ತೆನೆ, ಗುಬ್ಬಿಗಳು. ಹೆಂಡತಿ ಹಿಂದಿನ ಗಲ್ಲಿಯ ಅಂಗಡಿಗೆ ಹೋಗಿ, ಗಿರಾಕಿಯಾಗಿ ನಿಂತು, ಕೊಂಡು ತಂದಿದ್ದಳು. ಸೊಲ್ಲಾಪುರದ ಚಾದರದ ವ್ಯಾಪಾರಿ, ಮನೆಯಲ್ಲಿ ಎದುರಾಳಿಯ ಚಾದರ ಹೊದ್ದು ಮಲಗುವ ಯೋಗ ನನ್ನ ಪಾಲಿಗೇ ಬಂತು. ಬೇಡ ಎನ್ನೋಣವೆಂದರೆ ಅದು ಬೆಚ್ಚಗಿತ್ತು. ಬೆನ್ನು ತಿರುಗಿಸಿದ ಗುಬ್ಬಿ ಸರಿಯಾಗಿ ನನ್ನ ಗದ್ದದ ಹತ್ತಿರ ಬರುತ್ತಿತ್ತು.

ಒಂದು ವಾರ ಆ ಗುಬ್ಬಿಯ ಬೆನ್ನು ನೋಡಿದೆ. ಎಂಟನೆಯ ದಿನ ಅಕ್ಕಲಕೋಟದ ಬಸ್ಸು ಹತ್ತಿದೆ.

ಸ್ಕೂಟರು ಇತ್ತು, ಆದರೆ ನನಗೆ ತಾಲೀಮು ಬೇಕಿತ್ತು. ಛಂದ ಅದ ಎಂಬ ಎರಡು ಶಬ್ದ ಬಾಯಿಂದ ಬಂದು ಎಷ್ಟೋ ವರ್ಷಗಳಾಗಿದ್ದವು. ಕಿಟಕಿಯ ಕಡೆ ಮುಖ ಮಾಡಿ ಸಣ್ಣಗೆ ಅಂದುಕೊಳ್ಳುತ್ತ ಹೋದೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಸ್ವಲ್ಪ ದೂರ ಸರಿದರು. ವಳಸಂಗದಲ್ಲಿ ಪೇರಲಹಣ್ಣು ಮಾರುವವನು ಬುಟ್ಟಿ ಹಿಡಿದು ಹತ್ತಿದ. ಧೈರ್ಯ ಮಾಡಿ, ಹಣ್ಣು ಬಹಳ ಛಂದ ಅವ ಎಂದೆ. ಅವನು ಕೂಡಲೇ ದರ ಏರಿಸಿದ. ಅಪ್ಪ ಮೇಲೆ ಎಲ್ಲೋ ಕೂತು ತೊಡೆ ತಟ್ಟಿ ನಕ್ಕಿರಬೇಕು. ಆದರೆ ಅವನು ಬುಟ್ಟಿಯ ತಳಕ್ಕೆ ಕೈ ಹಾಕಿ, ಮೇಲಿನವನ್ನು ಸರಿಸಿ, ದೊಡ್ಡ ಹಣ್ಣು ಎರಡು ಆರಿಸಿ ಕೊಟ್ಟ. ಅಪ್ಪ ಈ ಭಾಗವನ್ನು ನನಗೆ ಹೇಳಿರಲಿಲ್ಲ.

ಆಕೆಯ ಮನೆ ಹುಡುಕಲು ಕಷ್ಟವಾಗಲಿಲ್ಲ. ಬಾಗಿಲು ತೆರೆದವರು ಆಕೆಯ ತಾಯಿ. ಒಳಗಿನ ಕೋಣೆಯಲ್ಲಿ ಆಕೆ ಕಂಪ್ಯೂಟರಿನ ಮುಂದೆ ಕೂತಿದ್ದಳು. ಎದ್ದು ನಿಂತು, ಬರ್ರಿ ಸಾವಕಾರ್ರ ಎಂದಳು. ಈ ಸಲ ಅದು ಮರ್ಯಾದೆಯಲ್ಲ ಎಂದು ಗೊತ್ತಾಯಿತು. ಚಹಾ ಬಂತು. ಬಸ್ಸಿನಲ್ಲಿ ತಾಲೀಮು ಮಾಡಿದ್ದೆಲ್ಲ ಮರೆತುಹೋಯಿತು. ಪೇರಲಹಣ್ಣು ಎರಡನ್ನೂ ಮೇಜಿನ ಮೇಲೆ ಇಟ್ಟು, ಬಾಯಿಗೆ ಬಂದದ್ದನ್ನು ಹೇಳಿದೆ. ಆ ಜೋಳದ ಚಿತ್ರ ನೋಡಿ ನನಗೆ ಅಳು ಬಂದಿತ್ತು ಎಂದೆ. ಅದನ್ನು ಮುಚ್ಚಿಡಲು ಗೋಡೆ ನೋಡಿದೆ ಎಂದೆ. ಅಪ್ಪ ತೊಡೆ ಚಿವುಟಿದ್ದು, ಹೆಣ್ಣು ನೋಡಲು ಹೋದದ್ದು, ಈಗ ಯಾರ ಚಾದರ ಹೊದ್ದು ಮಲಗುತ್ತಿದ್ದೇನೆ ಎಂಬುದು, ಎಲ್ಲವನ್ನೂ ಹೇಳಿದೆ. ಫೋನಿನಲ್ಲಿ ಕೂಗಾಡಿದ್ದು ತಪ್ಪಾಯಿತು ಎಂದೆ. ಚಾದರದ ಮಾತು ಬಂದಾಗ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಮಗಳು ನಗಲಿಲ್ಲ.

ಆಕೆ ಮೇಜಿನ ಕೆಳಗಿನ ಡ್ರಾದಿಂದ ಒಂದು ಕಾಗದ ತೆಗೆದಳು. ಇದನ್ನು ಯಾರಿಗೂ ತೋರಿಸಿಲ್ಲ, ನಿಮಗೆಂದು ಬರೆದ ಚಿತ್ರ, ಆದರೆ ಕೊಡಬೇಕೆಂದು ಬರೆದದ್ದಲ್ಲ ಎಂದಳು. "ಸಿಟ್ಟ ಬಂದಿತ್ತು. ನನ್ನ ಚಿತ್ರಕ್ಕಿಂತ ಇವರಿಗೆ ಗ್ವಾಡಿನೇ ಹೆಚ್ಚ ಸೇರ್ತದಂದ್ರ, ಗ್ವಾಡಿನೇ ನೇಯಿಸ್ಲಿ ಅಂತ ತಗದೆ."

ಕಾಗದ ಬಿಚ್ಚಿದಳು. ಮೊದಲು ನನಗೆ ಒಂದು ಬೋಳು ಮರದ ಕೊಂಬೆ ಕಂಡಿತು. ಮೇಲಿನ ಮೂಲೆಯಿಂದ ಇಳಿದು, ನಡುವೆ ಎರಡು ಕವಲಾಗಿ, ಕೆಳಗಿನ ಅಂಚಿನ ತನಕ ಬಂದಿತ್ತು. ಆಮೇಲೆ ಗುರುತು ಹತ್ತಿತು. ಆ ತಿರುವು, ಆ ಕವಲು, ಕ್ಯಾಲೆಂಡರಿನ ಹಿಂದಿನಿಂದ ಹೊರಬಂದ ಕೂಡಲೇ ಕಾಣುವ ಆ ಸಣ್ಣ ಡೊಂಕು. ನಮ್ಮ ಅಂಗಡಿಯ ಬಿರುಕು. ನಾನು ಮೂವತ್ತೆಂಟು ವರ್ಷ ನೋಡಿದ್ದನ್ನು ಆಕೆ ಒಮ್ಮೆ ತಿರುಗಿ ನೋಡಿ ತಂದಿದ್ದಳು. ಅದಕ್ಕೆ ಅಲ್ಲಲ್ಲಿ ಚಿಗುರು ಇಟ್ಟಿದ್ದಳು. ಕವಲಿನ ತುದಿಯಲ್ಲಿ ಒಂದು ಗುಬ್ಬಿ ಕೂತಿತ್ತು, ಬೆನ್ನು ತಿರುಗಿಸಿ. ಸಿಟ್ಟಿನಲ್ಲಿ ತೆಗೆದದ್ದಂತೆ. ಸಿಟ್ಟಿನಲ್ಲಿ ಇಷ್ಟು ತೆಗೆಯುವವಳನ್ನು ನಾನು ಕಳೆದುಕೊಳ್ಳಲು ಹೊರಟಿದ್ದೆ ಎನ್ನುವುದು ನೆನಪಾಯಿತು.

ಕಣ್ಣು ತುಂಬಿತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ, ಇಷ್ಟೆಲ್ಲ ಆದ ಮೇಲೂ, ಕಣ್ಣು ತಾನಾಗಿ ಎದ್ದು ಆಕೆಯ ಕೋಣೆಯ ಗೋಡೆಯ ಕಡೆ ಹೊರಟಿತು.

ಆಕೆ ಕಾಗದವನ್ನು ನನ್ನ ಹತ್ತಿರಕ್ಕೆ ಸರಿಸಿದಳು.

"ಕಾಕಾ," ಎಂದಳು. "ಗ್ವಾಡಿ ಅಲ್ಲಿಲ್ಲ. ಇಲ್ಲಿ ಅದ. ಇದನ್ನ ನೋಡಿ ಹೇಳ್ರಿ."

ನೋಡಿದೆ. ಹೇಳಿದೆ.